ಆಲೋಚನೆಯ ಹತ್ತು ದೋಷಗಳು

ಕನ್ನಡದ ನಿತ್ಯವ್ಯವಹಾರದಲ್ಲಿ ‘ಆಲೋಚನೆ’ ಎಂದರೆ ಯೋಚನೆ, ಚಿಂತನೆ. ಆಗಮಪರಂಪರೆಯಲ್ಲಿ ಈ ಶಬ್ದಕ್ಕೆ ಬೇರೊಂದು ಅರ್ಥವುಂಟು. ತಾನು ಮಾಡಿದ ತಪ್ಪನ್ನು ಗುರುವಿನ ಸನ್ನಿಧಿಯಲ್ಲಿ ಮುಚ್ಚುಮರೆಯಿಲ್ಲದೆ ತೆರೆದಿಡುವುದೇ ಅಲ್ಲಿ ಆಲೋಚನೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಎಣಿಸುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಇದು ಮೊದಲನೆಯದು. ಮೂಲಾಚಾರವು ಹೇಳುವ ಹತ್ತರಲ್ಲಿಯೂ ಇದೇ ಮೊದಲನೆಯದು. ನೋಡುವುದು ಎಂಬ ಧಾತ್ವರ್ಥವೇ ಎರಡು ಪ್ರಯೋಗಗಳಿಗೂ ಮೂಲವಾಗಿದ್ದರೂ, ಲೋಕದ ಆಲೋಚನೆಯಲ್ಲಿ ಮನುಷ್ಯನು ಸಾಮಾನ್ಯವಾಗಿ ಹೊರಗಿನದನ್ನು ನೋಡುತ್ತಾನೆ. ಆಗಮದ ಆಲೋಚನೆಯಲ್ಲಿ ತನ್ನನ್ನೇ ನೋಡಿಕೊಂಡು, ಕಂಡುದನ್ನು ಇನ್ನೊಬ್ಬರಿಗೆ ತೋರಿಸಬೇಕಾಗುತ್ತದೆ.

ಜೈನಾಚಾರ್ಯರು ಮಾನವಸ್ವಭಾವವನ್ನು ಎಷ್ಟು ಆಳವಾಗಿ ಅರಿತಿದ್ದರೆಂಬುದನ್ನು ತೋರಿಸಬೇಕಾದಾಗ ವಿದ್ವಾಂಸರು ರೂಢಿಯಾಗಿ ನಾಲ್ಕು ಕಷಾಯಗಳನ್ನೂ ಒಂಬತ್ತು ನೋಕಷಾಯಗಳನ್ನೂ ಉದಾಹರಿಸುತ್ತಾರೆ. ಕ್ರೋಧವು ಕಲ್ಲಿನ ಮೇಲಿನ ಗೆರೆಯಂತೆ, ನೆಲದ ಬಿರುಕಿನಂತೆ, ಧೂಳಿನ ಗೆರೆಯಂತೆ, ನೀರಿನ ಗೆರೆಯಂತೆ ನಾಲ್ಕು ತೆರನೆಂಬ ಗೊಮ್ಮಟಸಾರದ ಹೋಲಿಕೆ ಈ ಪತ್ರಿಕೆಯ ವಾಚಕರಿಗೆ ಬಾಯಿಪಾಠವಾಗಿರುತ್ತದೆ. ಆ ವಿಭಜನೆಯ ಹಿರಿಮೆಯನ್ನು ಕಡಮೆಮಾಡುವುದು ನನ್ನ ಉದ್ದೇಶವಲ್ಲ. ಆದರೆ ಕಷಾಯಗಳ ವಿವರಣೆ ಮನುಷ್ಯನ ದೋಷಗಳನ್ನು ಹೇಳುತ್ತದೆ. ದೋಷವನ್ನು ತಿದ್ದಿಕೊಳ್ಳಲು ಹೊರಟವನ ದೋಷಗಳನ್ನು ಹೇಳುವುದು ಇನ್ನೂ ಕಷ್ಟದ ಕೆಲಸ. ಆ ಕೆಲಸವನ್ನು ಮಾಡಿದ ಒಂದು ಪುಟ್ಟ ಪಟ್ಟಿ ನಮ್ಮ ಗ್ರಂಥಗಳಲ್ಲಿದೆ. ಆಲೋಚನೆಯ ಹತ್ತು ದೋಷಗಳ ಆ ಪಟ್ಟಿಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲವೆಂದು ನನ್ನ ಭಾವನೆ.

ಈ ವಿಷಯವನ್ನು ಅತ್ಯಂತ ವಿಸ್ತಾರವಾಗಿ ನಿರೂಪಿಸಿರುವ ಗ್ರಂಥ ಶಿವಾರ್ಯನ ಭಗವತೀ ಆರಾಧನೆ. ಎರಡು ಸಾವಿರದ ನೂರಕ್ಕೂ ಮಿಕ್ಕ ಪ್ರಾಕೃತ ಗಾಹೆಗಳ ಈ ಮಹಾಗ್ರಂಥಕ್ಕೆ ಮೂಲಾರಾಧನೆ ಎಂಬ ಹೆಸರೂ ಉಂಟು. ಗ್ರಂಥಕರ್ತನು ಜಿನನಂದಿ, ಸರ್ವಗುಪ್ತ, ಮಿತ್ರನಂದಿ ಎಂಬ ಮೂವರು ಗುರುಗಳನ್ನು ಸ್ಮರಿಸಿ, ತನ್ನನ್ನು ಕೈಯೇ ಪಾತ್ರೆಯಾಗಿ ಉಣ್ಣುವವನೆಂದು ಮಾತ್ರ ಕರೆದುಕೊಂಡು ಸುಮ್ಮನಾಗಿದ್ದಾನೆ. ಅಪರಾಜಿತಸೂರಿಯ ವಿಜಯೋದಯಾ ಟೀಕೆ, ಆಶಾಧರನ ಮೂಲಾರಾಧನಾದರ್ಪಣ, ಅಮಿತಗತಿಯ ಸಂಸ್ಕೃತ ಪದ್ಯಾನುವಾದ ಇವು ಮೂರೂ 1935ರಲ್ಲಿ ಸೊಲ್ಲಾಪುರದಿಂದ ಮೂಲದೊಡನೆ ಅಚ್ಚಾದುವು. ಕೈಲಾಶಚಂದ್ರ ಶಾಸ್ತ್ರಿಗಳು ವಿಜಯೋದಯೆಯೊಡನೆ ಸಂಪಾದಿಸಿದ ಆವೃತ್ತಿ 1978ರಲ್ಲಿ ಜೀವರಾಜ ಗ್ರಂಥಮಾಲೆಯಿಂದ ಹೊರಬಂದಿತು. ಅಪರಾಜಿತನು ಯಾಪನೀಯನೆಂಬುದನ್ನು ನಾಥೂರಾಮ ಪ್ರೇಮಿಯವರು ತೋರಿಸಿಕೊಟ್ಟ ಮೇಲೆ ಮೂಲಗ್ರಂಥದ ಸಂಪ್ರದಾಯದ ಬಗೆಗೂ ಚರ್ಚೆ ನಡೆದಿದೆ. ಕನ್ನಡಿಗರಿಗೆ ಈ ಗ್ರಂಥ ಅಪರಿಚಿತವಲ್ಲ. ಸಲ್ಲೇಖನದಲ್ಲಿ ತೊಡಗಿದ ಕ್ಷಪಕನಿಗೆ ಧೈರ್ಯ ತುಂಬಲು ಗುರುವು ಹಿಂದಿನ ಮಹಾಪುರುಷರ ನಿದರ್ಶನಗಳನ್ನು ಹೇಳುವ ‘ಕವಚ’ವೆಂಬ ಭಾಗದ ಗಾಹೆಗಳೇ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಬೀಜ. ಡಿ. ಎಲ್. ನರಸಿಂಹಾಚಾರ್ಯರು 1949ರಲ್ಲಿ ಆ ಕನ್ನಡ ಗ್ರಂಥವನ್ನು ಸಂಪಾದಿಸಿ ಪ್ರಕಟಿಸಿದಂದಿನಿಂದ ಕಥೆಗಳು ಬೇಕಾದಷ್ಟು ಓದುಗರನ್ನು ಪಡೆದಿವೆ. ಆದರೆ ಕವಚವನ್ನು ತೊಡುವ ಮೊದಲು ಕ್ಷಪಕನು ಹಾದುಹೋಗಬೇಕಾದ ಆಲೋಚನೆಯ ಪ್ರಕರಣವನ್ನು ಪಂಡಿತರಲ್ಲದವರು ಓದಿದ್ದು ಕಡಮೆ.

ಹತ್ತು ದೋಷಗಳ ಹೆಸರುಗಳು ಇವು: ಆಕಂಪಿತ, ಅನುಮಾನಿತ, ದೃಷ್ಟ, ಬಾದರ, ಸೂಕ್ಷ್ಮ, ಛನ್ನ, ಶಬ್ದಾಕುಲಿತ, ಬಹುಜನ, ಅವ್ಯಕ್ತ, ತತ್ಸೇವಿ. ಶ್ವೇತಾಂಬರರ ಸ್ಥಾನಾಂಗಸೂತ್ರದ ಹತ್ತನೆಯ ಸ್ಥಾನದಲ್ಲಿಯೂ ಇದೇ ಹೆಸರುಗಳು ಇದೇ ಕ್ರಮದಲ್ಲಿ ಬರುತ್ತವೆ. ಎರಡು ಪರಂಪರೆಗಳು ಬೇರೆಯಾಗುವ ಮುನ್ನವೇ ಸಂಘದ ಬಾಯಲ್ಲಿ ನೆಲೆಗೊಂಡಿದ್ದ ಪಟ್ಟಿ ಇದೆಂದು ಊಹಿಸಲು ಈ ಸಾಮ್ಯವು ಸಾಕಷ್ಟು ಆಧಾರವಾಗುತ್ತದೆ. ಇದನ್ನು ಕಟ್ಟಿದವರು ಯಾರೋ ಒಬ್ಬ ತಾರ್ಕಿಕರಲ್ಲ. ನೂರಾರು ಶಿಷ್ಯರ ತಪ್ಪೊಪ್ಪಿಗೆಗಳನ್ನು ಕೇಳಿ ಕೇಳಿ ಪಳಗಿದ ಗುರುಗಳು.

ಮೊದಲನೆಯದಾದ ಆಕಂಪಿತವೆಂದರೆ ಗುರುವಿನ ಮನಸ್ಸನ್ನು ಮೊದಲು ಕರಗಿಸಿಕೊಳ್ಳುವುದು. ಆಹಾರ, ಉಪಕರಣ, ಸೇವೆ, ವಂದನೆ ಇವುಗಳಿಂದ ಆಚಾರ್ಯನನ್ನು ಒಲಿಸಿಕೊಂಡು, ಆಮೇಲೆ ತಪ್ಪನ್ನು ಹೇಳಿದರೆ ಪ್ರಾಯಶ್ಚಿತ್ತ ಹಗುರವಾದೀತೆಂಬ ಎಣಿಕೆ. ಇಲ್ಲಿ ಶಿಷ್ಯನು ಸುಳ್ಳನ್ನು ನುಡಿಯುವುದಿಲ್ಲ, ಹೇಳುವುದೆಲ್ಲವೂ ನಿಜವೇ. ದೋಷವಿರುವುದು ಮಾತಿಗಿಂತ ಮುಂಚೆ ನಡೆದ ಸಿದ್ಧತೆಯಲ್ಲಿ. ಎರಡನೆಯದು ಅನುಮಾನಿತ. ‘ನಾನು ದುರ್ಬಲ, ರೋಗಿ, ಉಪವಾಸ ಮಾಡಲಾರೆ; ತಾವು ದಯೆಯಿಟ್ಟು ಅಲ್ಪಪ್ರಾಯಶ್ಚಿತ್ತ ಕೊಡುವುದಾದರೆ ಎಲ್ಲವನ್ನೂ ಹೇಳುತ್ತೇನೆ’ ಎಂಬ ಧಾಟಿಯಲ್ಲಿ ಗುರುವಿನ ಮನಸ್ಸನ್ನು ಅಳೆದು ನೋಡುವುದು. ತಪ್ಪೊಪ್ಪಿಗೆಯನ್ನು ಸಂತೆಯ ಚೌಕಾಸಿಯಾಗಿ ಮಾಡುವ ಈ ಬಗೆಯನ್ನು ಆಕಂಪಿತದಿಂದ ಬೇರ್ಪಡಿಸಿ ಎಣಿಸಿರುವುದರಲ್ಲಿಯೇ ಹಿಂದಿನವರ ಎಚ್ಚರ ಕಾಣುತ್ತದೆ.

ದೃಷ್ಟ, ಬಾದರ, ಸೂಕ್ಷ್ಮ ಈ ಮೂರನ್ನು ಒಟ್ಟಿಗೆ ನೋಡಬೇಕು. ಬೇರೆಯವರ ಕಣ್ಣಿಗೆ ಬಿದ್ದ ತಪ್ಪನ್ನು ಮಾತ್ರ ಹೇಳಿ ಕಾಣದುದನ್ನು ಉಳಿಸಿಕೊಳ್ಳುವುದು ದೃಷ್ಟ. ದೊಡ್ಡ ತಪ್ಪನ್ನು ಹೇಳಿ ಚಿಕ್ಕದನ್ನು ಅಲಕ್ಷಿಸುವುದು ಬಾದರ. ಚಿಕ್ಕ ತಪ್ಪುಗಳನ್ನು ಒಂದೂ ಬಿಡದೆ ಎಣಿಸಿ ದೊಡ್ಡದನ್ನು ನುಂಗಿಕೊಳ್ಳುವುದು ಸೂಕ್ಷ್ಮ. ಈ ಕೊನೆಯದು ಉಳಿದೆರಡಕ್ಕಿಂತ ಅಪಾಯಕರವೆಂದು ನನಗೆ ತೋರುತ್ತದೆ. ಪಿಂಛಿಯಿಂದ ನೆಲವನ್ನು ಒರಸದೆ ಕುಳಿತೆ, ಹಸುರಿನ ಮೇಲೆ ಒಂದು ಹೆಜ್ಜೆಯಿಟ್ಟೆ ಎಂದು ಕಣ್ಣೀರಿಡುವವನನ್ನು ಕಂಡು ಸಂಘವೆಲ್ಲವೂ ಮೆಚ್ಚುತ್ತದೆ. ಇಷ್ಟು ಸಣ್ಣದನ್ನೇ ಮುಚ್ಚಿಡದವನು ದೊಡ್ಡದನ್ನು ಮುಚ್ಚಿಟ್ಟಾನೆಯೆ ಎಂದು ಜನ ನಂಬುತ್ತಾರೆ. ಆ ನಂಬಿಕೆಯೇ ಅವನ ಮರೆ. ದಿನ ಕಳೆದಂತೆ ಅವನು ತಾನೂ ಹಾಗೆಂದು ನಂಬಲಾರಂಭಿಸುತ್ತಾನೆ.

ಛನ್ನದೋಷದ ವಿವರಣೆಯಲ್ಲಿ ಎರಡು ಪರಂಪರೆಗಳು ಸ್ವಲ್ಪ ಬೇರೆಯಾಗುತ್ತವೆ. ಗುರುವಿಗೆ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ತಪ್ಪನ್ನು ಹೇಳುವುದೆಂದು ಶ್ವೇತಾಂಬರ ಟೀಕಾಕಾರರ ಅಭಿಪ್ರಾಯ. ದಿಗಂಬರ ಪರಂಪರೆಯಲ್ಲಿ ಇದಕ್ಕಿಂತ ಸೊಗಸಾದ ಅರ್ಥವುಂಟು: ‘ಒಬ್ಬನು ಇಂಥ ತಪ್ಪು ಮಾಡಿದರೆ ಅವನಿಗೆ ಏನು ಪ್ರಾಯಶ್ಚಿತ್ತ?’ ಎಂದು ಶಾಸ್ತ್ರಜಿಜ್ಞಾಸುವಿನಂತೆ ಕೇಳಿ, ಉತ್ತರವನ್ನು ತಿಳಿದು, ಅದನ್ನು ತಾನೇ ಗುಟ್ಟಾಗಿ ಆಚರಿಸುವುದು. ಇಲ್ಲಿ ಪ್ರಾಯಶ್ಚಿತ್ತವೂ ನಡೆಯುತ್ತದೆ, ದೇಹದಂಡನೆಯೂ ನಡೆಯುತ್ತದೆ. ಆದರೂ ಶಿವಾರ್ಯನು ಇದನ್ನು ಶುದ್ಧಿಯೆಂದು ಒಪ್ಪುವುದಿಲ್ಲ. ಮಾಯೆಯೆಂಬ ಶಲ್ಯ ಒಳಗೇ ಉಳಿದಿದೆ. ಮುಳ್ಳನ್ನು ತೆಗೆಯದೆ ಮೇಲೆ ಲೇಪ ಹಚ್ಚಿದಂತಾಯಿತು. ವಿದ್ವಜ್ಜನರಿಗೆ ಈ ದೋಷ ಬಹು ಸಮೀಪದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮ ಬದುಕಿನ ಪ್ರಶ್ನೆಯನ್ನು ಶಾಸ್ತ್ರದ ಪ್ರಶ್ನೆಯಾಗಿ ಮಾರ್ಪಡಿಸುವ ಸಾಮರ್ಥ್ಯ ಪಾಮರರಿಗಿಂತ ಪಂಡಿತರಿಗೇ ಹೆಚ್ಚು.

ಉಳಿದ ನಾಲ್ಕರ ಮಾತು ಸಂಕ್ಷೇಪವಾಗಿ ಸಾಕು. ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣಗಳಲ್ಲಿ ಸಂಘವೆಲ್ಲ ಒಟ್ಟಾಗಿ ಧ್ವನಿಗೈಯುವಾಗ ಆ ಗದ್ದಲದೊಳಗೆ ತನ್ನ ತಪ್ಪನ್ನೂ ಸೇರಿಸಿ ಹೇಳಿಬಿಡುವುದು ಶಬ್ದಾಕುಲಿತ. ಗುರುವು ಕೊಟ್ಟ ಪ್ರಾಯಶ್ಚಿತ್ತದಲ್ಲಿ ನಂಬಿಕೆ ಸಾಲದೆ ಇನ್ನೊಬ್ಬರನ್ನೂ ಮತ್ತೊಬ್ಬರನ್ನೂ ಕೇಳುತ್ತ ಹೋಗುವುದು ಬಹುಜನ. ಜ್ಞಾನದಲ್ಲಿಯೂ ಚಾರಿತ್ರದಲ್ಲಿಯೂ ಎಳೆಯನಾದವನನ್ನು ಆರಿಸಿಕೊಂಡು ಅವನ ಮುಂದೆ ಹೇಳುವುದು ಅವ್ಯಕ್ತ. ತನ್ನಂಥದೇ ತಪ್ಪನ್ನು ಮಾಡುತ್ತಿರುವವನ ಬಳಿ ಹೋಗಿ, ಇವನಿಗೆ ನನ್ನ ಕಷ್ಟ ಅರ್ಥವಾದೀತೆಂದು ಹೇಳಿಕೊಳ್ಳುವುದು ತತ್ಸೇವಿ. ಸಾಂವತ್ಸರಿಕದ ದಿನ ಎಲ್ಲರಿಗೂ ಒಮ್ಮೆಗೇ ಕ್ಷಮಾಪಣೆಯ ಪತ್ರವನ್ನು ಅಚ್ಚುಹಾಕಿಸಿ ಕಳುಹಿಸುವ ನಮ್ಮ ಕಾಲದ ಪದ್ಧತಿಯನ್ನು ಶಬ್ದಾಕುಲಿತದಲ್ಲಿ ಸೇರಿಸಬೇಕೆ ಎಂಬ ಪ್ರಶ್ನೆಯನ್ನು ಮುನಿಗಳಿಗೇ ಬಿಡುತ್ತೇನೆ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ತಪ್ಪನ್ನೇ ಒಪ್ಪಿಕೊಳ್ಳದ ದುರಾಗ್ರಹಿಗೆ ಇದರಲ್ಲಿ ಸ್ಥಾನವಿಲ್ಲ. ಹತ್ತೂ ದೋಷಗಳು ತಿದ್ದಿಕೊಳ್ಳಬೇಕೆಂದು ಬಂದವನ ದೋಷಗಳೇ. ಅವನು ಗುರುವಿನ ಬಳಿಗೆ ನಡೆದು ಬಂದಿದ್ದಾನೆ, ಬಾಯಿ ತೆರೆದಿದ್ದಾನೆ, ಕೆಲವು ವೇಳೆ ಅತ್ತೂ ಇದ್ದಾನೆ. ಒಳ್ಳೆಯವನಾಗಬೇಕೆಂಬ ಬಯಕೆಯೊಳಗೇ ಒಳ್ಳೆಯವನೆಂದು ಕಾಣಬೇಕೆಂಬ ಬಯಕೆ ಸೇರಿಕೊಳ್ಳುವ ಬಗೆಯನ್ನು ಆಚಾರ್ಯರು ಹತ್ತು ಕಡೆಗಳಿಂದ ಹಿಡಿದು ತೋರಿಸಿದ್ದಾರೆ. ಹಾಗೆಂದು ಅವರು ನಿರಾಶರಲ್ಲ. ಮಾಡಬೇಕಾದುದನ್ನೂ ಮಾಡಬಾರದುದನ್ನೂ ಮಗುವು ಹೇಗೆ ನೇರವಾಗಿ ನುಡಿದುಬಿಡುತ್ತದೆಯೋ ಹಾಗೆ ಹೇಳಬೇಕೆಂಬ ಅವರ ವಿಧಾನವು, ಹಾಗೆ ಹೇಳಬಲ್ಲ ಶಕ್ತಿ ಮನುಷ್ಯನಲ್ಲಿ ಉಳಿದೇ ಇದೆಯೆಂಬ ನಂಬಿಕೆಯ ಮೇಲೆ ನಿಂತಿದೆ.

ಆ ಶಕ್ತಿ ತಾನಾಗಿ ಹೊರಬರುವುದಿಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಆದುದರಿಂದಲೇ ಆಲೋಚನೆ ಮಾಡುವವನ ದೋಷಗಳಷ್ಟೇ ವಿವರವಾಗಿ ಅದನ್ನು ಕೇಳುವವನ ಗುಣಗಳನ್ನೂ ಶಿವಾರ್ಯನು ಹೇಳಿದ್ದಾನೆ. ಆಚಾರ್ಯನಲ್ಲಿರಬೇಕಾದ ಎಂಟು ಗುಣಗಳಲ್ಲಿ ಎರಡು ಈ ಪ್ರಕರಣಕ್ಕೆ ಮುಖ್ಯವಾದುವು. ಒಂದು, ಅವನು ಅವಪೀಡಕನಾಗಿರಬೇಕು. ಶಿಷ್ಯನು ಹೇಳಲೊಲ್ಲದುದನ್ನು ಒತ್ತಿ ಹೊರಡಿಸಬೇಕು. ಅಳುವ ಮಗುವಿನ ಬಾಯಿಯನ್ನು ಬಿಡಿಸಿ ತಾಯಿ ತುಪ್ಪವನ್ನು ಕುಡಿಸುವ ಹೋಲಿಕೆಯನ್ನೂ, ಸಿಂಹವು ನರಿಯಿಂದ ನುಂಗಿದ ಮಾಂಸವನ್ನು ಕಕ್ಕಿಸುವ ಹೋಲಿಕೆಯನ್ನೂ ಗ್ರಂಥವು ಪಕ್ಕಪಕ್ಕದಲ್ಲಿಯೇ ಇಡುತ್ತದೆ. ಇನ್ನೊಂದು, ಅವನು ಅಪರಿಸ್ರಾವಿಯಾಗಿರಬೇಕು. ಕಾದ ಕಬ್ಬಿಣ ಹೀರಿದ ನೀರು ಮರಳಿ ಹೊರಬರದಂತೆ ಕೇಳಿದ ದೋಷ ಅವನಿಂದ ಹೊರಬರಬಾರದು. ಗುಟ್ಟನ್ನು ಹೊರಗೆಡಹಿದ ಗುರುವಿನಿಂದ ಶಿಷ್ಯನು ನಾಚಿ ಗಣವನ್ನೇ ತೊರೆದಾನು, ರತ್ನತ್ರಯವನ್ನೇ ಬಿಟ್ಟಾನೆಂದು ಎಚ್ಚರಿಸಿದೆ. ಒತ್ತಿ ಹೊರಡಿಸುವವನೂ ತಾನೇ, ಒಳಗಿಟ್ಟುಕೊಳ್ಳುವವನೂ ತಾನೇ. ಮೊದಲನೆಯ ಗುಣವಿದ್ದು ಎರಡನೆಯದಿಲ್ಲದ ಗುರುಗಳಿಂದ ಸಂಘಗಳಿಗೆ ಆದ ಹಾನಿ ಯಾವ ಪಟ್ಟಾವಳಿಯಲ್ಲಿಯೂ ಬರೆದಿಲ್ಲ.

ನಮ್ಮ ಶಾಸನಗಳ ಒಂದು ಮೌನಕ್ಕೆ ಇದೇ ಕಾರಣವಾಗಿರಬಹುದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಆರಾಧನೆಯಿಂದ ದೇಹವನ್ನು ತೊರೆದವರ ಸ್ಮಾರಕಶಾಸನಗಳು ಸುಮಾರು ಆರನೆಯ, ಏಳನೆಯ ಶತಮಾನದಿಂದ ಮೊದಲಾಗುತ್ತವೆ. ಹೆಸರು, ಗುರು, ಗಣ, ಊರು, ಉಪವಾಸದ ದಿನಗಳು ಇವೆಲ್ಲ ಅವುಗಳಲ್ಲಿ ಕಾಣುತ್ತವೆ. ಗಂಗರ ಮಾರಸಿಂಹನ ವಿಷಯವನ್ನೇ ನೋಡಬಹುದು. ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ಯುದ್ಧಗಳನ್ನೂ ಗೆಲವುಗಳನ್ನೂ ಸಾಲುಸಾಲಾಗಿ ಹೊಗಳಿ, ಕೊನೆಯಲ್ಲಿ ಅವನು ರಾಜ್ಯವನ್ನು ತೊರೆದು ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಆರಾಧನಾವಿಧಿಯನ್ನು ನಡೆಸಿ ಮುಡಿಪಿದನೆಂದು ಹೇಳುತ್ತದೆ. ಇದು ನಡೆದದ್ದು 974ರ ಸುಮಾರಿನಲ್ಲಿ. ಅಷ್ಟು ಯುದ್ಧಗಳನ್ನು ಮಾಡಿದ ಅರಸನು ಆ ಮೂರು ದಿನಗಳಲ್ಲಿ ಗುರುವಿನ ಮುಂದೆ ಆಲೋಚನೆ ಮಾಡದೆ ಇರಲು ವಿಧಿಯಲ್ಲಿ ಅವಕಾಶವಿಲ್ಲ. ಅವನು ಹೇಳಿದುದೇನು? ಮುರಿದ ಕೋಟೆಗಳ ಲೆಕ್ಕವನ್ನೋ, ಯಾರಿಗೂ ಕಾಣದ ಬೇರೊಂದನ್ನೋ? ಕಂಬದ ನಾಲ್ಕು ಮುಖಗಳಲ್ಲಿ ಅದಕ್ಕೆ ಒಂದು ಅಕ್ಷರದ ಎಡೆಯೂ ಇಲ್ಲ. ಚಾವುಂಡರಾಯನಿಗೂ ರನ್ನನಿಗೂ ಗುರುವಾಗಿದ್ದ ಅಜಿತಸೇನರು ಅದನ್ನು ತಮ್ಮೊಡನೆಯೇ ಕೊಂಡೊಯ್ದರು. ಇತಿಹಾಸಕಾರನಿಗೆ ಇದು ನಷ್ಟ. ಆದರೆ ಅಪರಿಸ್ರಾವಿತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯವನ್ನು ಎಲ್ಲಿ ಹುಡುಕೋಣ?

ಈಗ ಗ್ರಂಥದ ಕೊನೆಗೆ ಬರೋಣ. ಇನ್ನೊಬ್ಬರ ತಪ್ಪೊಪ್ಪಿಗೆಯ ತಪ್ಪುಗಳನ್ನು ಇಷ್ಟು ನಿಷ್ಠುರವಾಗಿ ಎಣಿಸಿದ ಶಿವಾರ್ಯನು ಉಪಸಂಹಾರದಲ್ಲಿ ತನ್ನ ವಿಷಯವಾಗಿ ಒಂದು ಮಾತನ್ನು ಹೇಳುತ್ತಾನೆ: ತಾನು ಛದ್ಮಸ್ಥನಾದುದರಿಂದ ಪ್ರವಚನಕ್ಕೆ ವಿರುದ್ಧವಾದುದೇನಾದರೂ ಇಲ್ಲಿ ಸೇರಿದ್ದರೆ ಗೀತಾರ್ಥರು ಪ್ರವಚನದ ಮೇಲಿನ ವಾತ್ಸಲ್ಯದಿಂದ ಅದನ್ನು ಶೋಧಿಸಲಿ ಎಂಬುದು ಅದರ ಭಾವ. ಆತ್ಮದ ಶುದ್ಧಿಗೆ ಬಳಸುವ ಧಾತುವನ್ನೇ ಇಲ್ಲಿ ಗ್ರಂಥದ ತಿದ್ದುಪಡಿಗೂ ಬಳಸಿರುವುದನ್ನು ಗಮನಿಸಬೇಕು. ಕನ್ನಡದಲ್ಲಿಯೂ ಹಾಗೆಯೇ: ಮರಳಿನ ಮೇಲೆ ಮಗು ತಿದ್ದುವುದು ಅಕ್ಷರವನ್ನು, ದೊಡ್ಡವರು ತಿದ್ದಿಕೊಳ್ಳುವುದು ನಡತೆಯನ್ನು.

ತಾಳೆಯೋಲೆಗಳೊಡನೆ ಒಡನಾಡಿದವರಿಗೆ ಈ ಸಂಬಂಧ ಕಣ್ಣಿಗೇ ಕಾಣುತ್ತದೆ. ಕಂಠದಿಂದ ಕೊರೆದ ಅಕ್ಷರವನ್ನು ಅಳಿಸಿಹಾಕಲಾಗುವುದಿಲ್ಲ. ತಪ್ಪಾದರೆ ಅದರ ಮೇಲೆ ಗೀಟೆಳೆಯಬೇಕು. ಬಿಟ್ಟುಹೋದುದನ್ನು ಹಂಸಪಾದದ ಗುರುತಿಟ್ಟು ಸಾಲಿನ ಕೆಳಗೋ ಅಂಚಿನಲ್ಲೋ ಸೇರಿಸಬೇಕು. ಮಸಿ ಪೂಸಿದಾಗ ಸರಿಯಾದ ಅಕ್ಷರದಂತೆ ತಪ್ಪಿದ ಅಕ್ಷರವೂ ಕಪ್ಪಾಗಿ ಎದ್ದು ಕಾಣುತ್ತದೆ. ಗ್ರಂಥಾಂತ್ಯದಲ್ಲಿ ಬೆನ್ನು, ಸೊಂಟ, ಕೊರಳು ಬಾಗಿಸಿ ಬರೆದ ಕಷ್ಟವನ್ನು ಹೇಳಿಕೊಂಡು, ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನ ಮೇಲೆ ದೋಷವಿಡಬೇಡಿರೆಂದು ಬೇಡುವ ಲಿಪಿಕಾರರ ಮಾತು ನಮಗೆಲ್ಲ ಪರಿಚಿತ. ಅದು ಎಷ್ಟೋ ವೇಳೆ ಯಾಂತ್ರಿಕವಾದ ಮಾತು, ಒಂದು ಬಗೆಯ ಶಬ್ದಾಕುಲಿತ. ಲಿಪಿಕಾರನ ನಿಜವಾದ ಆಲೋಚನೆ ಇರುವುದು ಆ ಹಂಸಪಾದಗಳಲ್ಲಿ.

ಒಂದು ಶಬ್ದ ಬಿಟ್ಟುಹೋದುದರಿಂದ ಏನಾಗಬಹುದೆಂಬುದಕ್ಕೆ ಷಟ್ಖಂಡಾಗಮದ ಸತ್ಪ್ರರೂಪಣೆಯ 93ನೆಯ ಸೂತ್ರ ಪ್ರಸಿದ್ಧ ನಿದರ್ಶನ. ಹೀರಾಲಾಲ ಜೈನರು ಇಬ್ಬರು ಪಂಡಿತರ ನೆರವಿನಿಂದ ಧವಲೆಯ ಮೊದಲ ಸಂಪುಟವನ್ನು 1939ರಲ್ಲಿ ಅಮರಾವತಿಯಿಂದ ಹೊರತಂದಾಗ ಅವರ ಕೈಯಲ್ಲಿದ್ದುದು ಮೂಡಬಿದಿರೆಯಿಂದ ಹೊರಗೆ ಹೋದ ಪ್ರತಿಯ ಪ್ರತಿಗಳು. ಪರ್ಯಾಪ್ತ ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವ ಆ ಸೂತ್ರವು ಆ ಪ್ರತಿಗಳಲ್ಲಿ ಸಂಯತಾಸಂಯತವೆಂಬ ಐದನೆಯ ಸ್ಥಾನದವರೆಗೆ ಬಂದು ನಿಂತಿತ್ತು. ಆದರೆ ವೀರಸೇನರ ಟೀಕೆಯು ಅದೇ ಸ್ಥಳದಲ್ಲಿ, ಈ ಆರ್ಷದಿಂದಲೇ ದ್ರವ್ಯಸ್ತ್ರೀಯರ ಮುಕ್ತಿ ಸಿದ್ಧವಾಗುವುದಿಲ್ಲವೇ ಎಂಬ ಶಂಕೆಯನ್ನೆತ್ತಿ, ಹದಿನಾಲ್ಕು ಗುಣಸ್ಥಾನಗಳು ಭಾವಸ್ತ್ರೀಯ ಅಪೇಕ್ಷೆಯಿಂದ ಹೇಳಿದುವೆಂದು ಸಮಾಧಾನ ಹೇಳುತ್ತದೆ. ಸೂತ್ರದಲ್ಲಿ ‘ಸಂಜದ’ ಎಂಬ ಪದವಿಲ್ಲದಿದ್ದರೆ ಆ ಶಂಕೆಗೆ ಎಡೆಯೇ ಇಲ್ಲ. ಸಂಪಾದಕರು ಇದನ್ನು ಕಂಡುಕೊಂಡರು. ಆದರೂ ಮೂಲಕ್ಕೆ ಕೈಹಾಕದೆ, ಈ ಪದ ಬಿಟ್ಟುಹೋದಂತೆ ತೋರುತ್ತದೆಯೆಂದು ಅಡಿಟಿಪ್ಪಣಿಯಲ್ಲಿ ಮಾತ್ರ ಸೂಚಿಸಿದರು. ಅನಂತರ ಮೂಡಬಿದಿರೆಯ ಓಲೆಗಳೊಡನೆ ಹೋಲಿಸಿ ನೋಡಲು ಅವಕಾಶ ದೊರೆತಾಗ ಆ ಪದವು ಅಲ್ಲಿದ್ದುದು ಕಂಡುಬಂದಿತು.

ಅಷ್ಟಕ್ಕೇ ವಿವಾದ ನಿಲ್ಲಲಿಲ್ಲ. ಆ ಪದವನ್ನು ಒಪ್ಪಿದರೆ ಸ್ತ್ರೀಮುಕ್ತಿಯನ್ನು ಒಪ್ಪಿದಂತಾದೀತೆಂದು ಕೆಲವು ಪಂಡಿತರು ಹೆದರಿದರು. ಆ ಪದದಿಂದಲೇ ಸ್ತ್ರೀಮುಕ್ತಿ ಸಿದ್ಧವೆಂದು ಇನ್ನು ಕೆಲವರು ಅವಸರಪಟ್ಟರು. ವೀರಸೇನರು ಆ ಪದವನ್ನು ಉಳಿಸಿಕೊಂಡೇ ತಮ್ಮ ಪರಂಪರೆಯ ನಿಲುವನ್ನು ಹೇಳಿದ್ದಾರೆ. ಯಾಪನೀಯನಾದ ಶಾಕಟಾಯನನು ಸ್ತ್ರೀಮುಕ್ತಿಪ್ರಕರಣವನ್ನು ಬರೆದದ್ದೂ ಅದೇ ಒಂಬತ್ತನೆಯ ಶತಮಾನದಲ್ಲಿ. ತಮಗೆ ತೊಡಕಾಗಬಹುದಾದ ಪಾಠವನ್ನು ಮರೆಮಾಡದ ಎದೆಗಾರಿಕೆ ಟೀಕಾಕಾರನಲ್ಲಿತ್ತು. ಸಾವಿರದ ನೂರು ವರ್ಷಗಳ ಅನಂತರ ಅಚ್ಚಿನ ಪುಸ್ತಕವನ್ನು ಕೈಯಲ್ಲಿ ಹಿಡಿದ ನಮ್ಮವರಲ್ಲಿ ಎಲ್ಲರಿಗೂ ಅದು ಇರಲಿಲ್ಲ. ಯಾವ ಮನುಷ್ಯ ಎಷ್ಟರವರೆಗೆ ಏರಬಲ್ಲನೆಂಬ ಪ್ರಶ್ನೆಯನ್ನು ಚರ್ಚಿಸುವಾಗ ಪಾಠವನ್ನೇ ಹಿಡಿದು ಕೆಳಗೆಳೆಯುವುದು ವಿದ್ವಾಂಸನ ಕೆಲಸವಲ್ಲ; ಆ ಪ್ರಶ್ನೆಗೆ ಉತ್ತರ ಯಾವುದೇ ಆಗಿರಲಿ.

ಬೇರೆಯವರ ವಿಷಯವನ್ನು ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂದು ಚಿಕ್ಕ ಕನ್ನಡ ಟೀಕಾಗ್ರಂಥವನ್ನು ಓಲೆಯಿಂದ ಎತ್ತಿ ಬರೆದು ಅಚ್ಚಿಗೆ ಕೊಟ್ಟೆ. ಒಂದೇ ಪದದಿಂದ ಮುಗಿಯುವ ಎರಡು ಸಾಲುಗಳು ಹತ್ತಿರ ಹತ್ತಿರ ಬಂದಿದ್ದುದರಿಂದ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರಿ, ನಡುವಣ ಸಾಲು ಪೂರ್ತಿಯಾಗಿ ಬಿಟ್ಟುಹೋಯಿತು. ಇದು ನನಗೆ ತಿಳಿದದ್ದು ಹಾಳೆಗಳು ಅಚ್ಚಾದ ಮೇಲೆ, ಶುದ್ಧಿಪತ್ರವನ್ನು ಸಿದ್ಧಪಡಿಸುತ್ತಿದ್ದಾಗ. ಆ ಶುದ್ಧಿಪತ್ರದಲ್ಲಿ ದೀರ್ಘದ ಕೊಂಬು, ಒತ್ತಕ್ಷರ, ಅನುಸ್ವಾರ ಇಂಥ ಸ್ಖಲಿತಗಳನ್ನು ಎರಡು ಪುಟ ತುಂಬುವಂತೆ ಎಣಿಸಿದೆ. ಸಾಲು ಬಿಟ್ಟುಹೋದುದನ್ನು ಮಾತ್ರ ಸೇರಿಸಲಿಲ್ಲ. ಶುದ್ಧಿಪತ್ರದ ಪರಿಶ್ರಮವನ್ನು ಒಬ್ಬ ಹಿರಿಯ ವಿದ್ವಾಂಸರು ಮೆಚ್ಚಿ ಕಾಗದ ಬರೆದರು. ಸೂಕ್ಷ್ಮದೋಷದ ಲಕ್ಷಣವನ್ನು ನಾನು ಸರಿಯಾಗಿ ತಿಳಿದದ್ದು ವಿಜಯೋದಯೆಯಿಂದಲ್ಲ, ಆ ಕಾಗದದಿಂದ.

ಆ ಪುಸ್ತಕ ಈಗ ಮಾರಾಟದಲ್ಲಿಲ್ಲ; ಮರುಮುದ್ರಣದ ಮಾತೂ ಇಲ್ಲ. ನನ್ನ ಬಳಿಯಿರುವ ಪ್ರತಿಯಲ್ಲಿ ಆ ಸ್ಥಳಕ್ಕೆ ಹಂಸಪಾದವಿಟ್ಟು, ಬಿಟ್ಟ ಸಾಲನ್ನು ಅಂಚಿನಲ್ಲಿ ಬರೆದಿದ್ದೇನೆ. ಗ್ರಂಥಭಂಡಾರದಲ್ಲಿರುವ ಎರಡು ಪ್ರತಿಗಳಲ್ಲಿಯೂ ಹಾಗೆಯೇ ಬರೆಯಲು ಗ್ರಂಥಪಾಲಕರು ಅನುಮತಿ ಕೊಟ್ಟಿದ್ದಾರೆ. ಬೇರೆಡೆ ಪ್ರತಿಯುಳ್ಳವರು ಕೇಳಿದರೆ ಸಾಲನ್ನು ಪುಟಸಂಖ್ಯೆಯೊಡನೆ ಬರೆದು ಕಳುಹಿಸುತ್ತೇನೆ.